ನೀವು ತಿನ್ನಿ, ನಾನು ಆಮೇಲೆ

ಕಳೆದ ಮೇ ತಿಂಗಳಲ್ಲಿ ಪುತ್ತೂರಿನ ಹತ್ತಿರ ದೊಡ್ಡಪ್ಪನ ಮಗನ ಹೊಸ ಮನೆಯ ಒಕ್ಕಲು ಇತ್ತು. ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಹೊರಟು, ಬೆಳಿಗ್ಗೆ ಇಳಿದು, ಮಿಂದು, ಹೋಮದ ಹೊಗೆಗೆ ಕಣ್ಣು ಕೆಂಪು ಮಾಡಿಕೊಂಡು, ಹನ್ನೆರಡೂವರೆಗೆ ಎಲೆಯ ಮುಂದೆ ಕೂತಿದ್ದೆ. ಊಟಕ್ಕೆ ಹೆಸರಿಡುವ ಹಾಗಿರಲಿಲ್ಲ. ಕಾಟುಮಾವಿನ ಹಣ್ಣಿನ ಸಾಸಿವೆಯನ್ನು ಎರಡು ಸಲ ಕೇಳಿ ಹಾಕಿಸಿಕೊಂಡೆ. ಕೈ ತೊಳೆದು ಬಂದರೆ ಶಾಮಿಯಾನದ ಮೂಲೆಯಲ್ಲಿ ಅಡುಗೆ ಕಂಟ್ರಾಕ್ಟಿನವರ ಕಡೆಯ ಹುಡುಗನೊಬ್ಬ ಥರ್ಮಾಕೋಲ್ ಪೆಟ್ಟಿಗೆ ತೆರೆದು ನಿಂತಿದ್ದ. ಬಂದವರ ಕೈಗೆ ಒಂದು ಕಪ್, ಒಂದು ಮರದ ಚಪ್ಪಟೆ ಚಮಚ. ವೆನಿಲ್ಲಾ. ನಿಂತಲ್ಲೇ ತಿಂದೆವು. ಚಮಚ ಬಾಯಲ್ಲಿಟ್ಟುಕೊಂಡೇ ಕೆಲವರು ಮೊಬೈಲ್ ನೋಡಿದರು. ಎರಡೂವರೆಗೆ ಅಂಗಳದಲ್ಲಿ ಕಾರುಗಳು ರಿವರ್ಸ್ ಬರಲಿಕ್ಕೆ ಶುರು. ಮೂರು ಗಂಟೆಗೆ ನೋಡುತ್ತೇನೆ, ಕೆಂಪು ಪ್ಲಾಸ್ಟಿಕ್ ಕುರ್ಚಿಗಳು, ಒಂದರ ಮೇಲೊಂದು ಬಿದ್ದ ಕಪ್‌ಗಳು, ಅವುಗಳಿಗೆ ಮುತ್ತಿದ ಇರುವೆಗಳು. ಅಷ್ಟೇ.

ಏನೋ ಬಿಟ್ಟುಹೋಗಿದೆ ಅನ್ನಿಸಿತು. ಏನು ಅಂತ ಹೊಳೆಯಲಿಲ್ಲ. ಊಟ ಆಗಿತ್ತು, ದಕ್ಷಿಣೆ ಆಗಿತ್ತು, ಫೋಟೋ ಆಗಿತ್ತು, ಐಸ್‌ಕ್ರೀಂ ಕೂಡ ಆಗಿತ್ತು. ಸುಮ್ನೆ ಕೂತು ಕಪ್ಪನ್ನು ತಿರುಗಿಸಿ ನೋಡಿದೆ. ಅದರ ಮೇಲೆ ಐಸ್‌ಕ್ರೀಂ ಅಂತ ಬರೆದಿರಲಿಲ್ಲ, ಸಣ್ಣಕ್ಷರದಲ್ಲಿ ಫ್ರೋಜನ್ ಡೆಸರ್ಟ್ ಅಂತ ಇತ್ತು. ಅಂದರೆ ಹಾಲಿನ ಕೊಬ್ಬಿನ ಬದಲು ಯಾವುದೋ ಗಿಡದ ಎಣ್ಣೆ. ನಮ್ಮಲ್ಲಿ ಮಾಮೂಲಿ ಐಸ್‌ಕ್ರೀಂ ಅನ್ನಿಸಿಕೊಳ್ಳಬೇಕಾದರೆ ಕನಿಷ್ಠ ಶೇ. 10ರಷ್ಟು ಹಾಲಿನ ಕೊಬ್ಬು ಇರಬೇಕು. ಇದನ್ನು ತಿಂದ ಮೇಲೆ ಅಂಗುಳಕ್ಕೆ ಏನೋ ಸವರಿದ ಹಾಗೆ ಉಳಿಯುತ್ತದಲ್ಲ, ಅದು ಆ ಎಣ್ಣೆಯ ಕೆಲಸ. ಆದರೆ ನನಗೆ ಕಸಿವಿಸಿ ಆಗಿದ್ದು ಎಣ್ಣೆಯಿಂದಲ್ಲ. ಚಿಕ್ಕಂದಿನಲ್ಲಿ ನಾನು ತಿಂದ ಕೆಂಪು ಐಸ್‌ಕ್ಯಾಂಡಿಯಲ್ಲಿ ಎಂತ ಇತ್ತು ಅಂತ ಕೇಳಲಿಕ್ಕೆ ಹೋದರೆ ಇದು ಅಮೃತ.

ಬಸ್ಸಿನ ಹೊತ್ತಿಗೆ ಇನ್ನೂ ಆರು ತಾಸು ಇತ್ತು. ಜಗಲಿಯಲ್ಲಿ ಕಾಲು ಚಾಚಿ ಕೂತಾಗ ಗೊತ್ತಾಯಿತು. "ಐಸ್‌ಕ್ರೀಂ ತಿಂಬಲೆ ಹೋಪೊ?" ಅಂತ, ಅಂದರೆ ತಿನ್ನಲಿಕ್ಕೆ ಹೋಗೋಣವಾ ಅಂತ, ಈ ಸಲ ಯಾರೂ ಕೇಳಿರಲಿಲ್ಲ. ಕೇಳುವ ಅಗತ್ಯವೇ ಇರಲಿಲ್ಲವಲ್ಲ, ಐಸ್‌ಕ್ರೀಂ ತಾನಾಗಿ ಅಂಗಳಕ್ಕೆ ಬಂದಿತ್ತು.

ಹನ್ನೊಂದು ಜನ, ಒಂದು ಓಮ್ನಿ

ನಮ್ಮ ಮನೆಯಲ್ಲಿ ಯಾವ ಜಂಬ್ರ, ಅಂದರೆ ಮದುವೆ ಉಪನಯನದಂಥ ಕಾರ್ಯ, ಇದ್ದರೂ ಮಾರನೇ ದಿನ ಸಂಜೆ ಮಂಗಳೂರಿಗೆ ಹೋಗುವ ಒಂದು ರೂಢಿ ಇತ್ತು. ಯಾವಾಗ ಶುರುವಾಯಿತು ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಇಸವಿ ಹೇಳುತ್ತಾರೆ. ನನ್ನ ಲೆಕ್ಕದಲ್ಲಿ ಅದು 1993ರ ಮೇ, ಅಣ್ಣನ ಉಪನಯನದ ಮರುದಿನ. ನನಗೆ ಆಗ ಹನ್ನೊಂದು ವರ್ಷ. ಉಪನಯನಕ್ಕೆ ಬಂದವರಲ್ಲಿ ಮೂವತ್ತು ಜನ ಇನ್ನೂ ಅಜ್ಜನಮನೆಯಲ್ಲೇ ಉಳಿದಿದ್ದರು. ಉಳಿದ ಸಾರು, ಉಳಿದ ಹೋಳಿಗೆ, ಚಾವಡಿ ತುಂಬ ಚಾಪೆ, ಮೂಲೆಯಲ್ಲಿ ಇಸ್ಪೀಟು. ಅಡಿಕೆಗೆ ಆ ವರ್ಷ ಒಳ್ಳೆ ರೇಟು ಸಿಕ್ಕಿತ್ತೋ ಏನೋ, ದೊಡ್ಡಪ್ಪ ತುಂಬಾ ಖುಷಿಯಲ್ಲಿದ್ದರು. ಮಧ್ಯಾಹ್ನದ ನಿದ್ದೆಯಿಂದ ಎದ್ದವರೇ, "ಐಸ್‌ಕ್ರೀಂ ತಿಂಬಲೆ ಹೋಪೊ?" ಅಂದುಬಿಟ್ಟರು.

ದೊಡ್ಡಪ್ಪನ ಹತ್ತಿರ ಬಿಳಿ ಓಮ್ನಿ ಇತ್ತು. ಅದು ಎಷ್ಟು ಜನರ ಗಾಡಿ ಅಂತ ಮಾರುತಿಯವರು ಏನು ಬರೆದಿದ್ದರೋ, ನಮ್ಮ ಊರಲ್ಲಿ ಓಮ್ನಿಗೆ ಜನ ತುಂಬುವ ಲೆಕ್ಕವೇ ಬೇರೆ. ಮೊದಲು ಗಂಡಸರು ಮತ್ತು ಮಕ್ಕಳು ಹೋಗಿಬರುವುದು ಅಂತ ತೀರ್ಮಾನವಾಗಿತ್ತು. ಹೆಂಗಸರಿಗೆ ಪಾತ್ರೆ ಬೆಳಗುವುದಿತ್ತು, ಹಪ್ಪಳಕ್ಕೆ ಹಲಸಿನ ಸೊಳೆ ಬಿಡಿಸಿಡುವುದಿತ್ತು. ಆಗ ಸಣ್ಣತ್ತೆ ಜಗಲಿಗೆ ಬಂದು ನಿಂತರು. ಅವರು ಆಗ ಬಿ.ಎಸ್ಸಿ. ಓದುತ್ತಿದ್ದರು. ಮನೆಯಲ್ಲಿ ಅವರ ಬಾಯಿಗೆ ಎಲ್ಲರೂ ಸ್ವಲ್ಪ ಹೆದರುತ್ತಿದ್ದರು. "ಅತ್ತಿಗೆಯಂದಿರು ಬಾರದಿದ್ದರೆ ನಾನೂ ಇಲ್ಲ. ಅಮ್ಮನೂ ಬರಬೇಕು" ಅಂದರು. ಅಮ್ಮ ಅಂದರೆ ನನ್ನ ಅಜ್ಜಿ. ಅಜ್ಜಿ ಅಲ್ಲಿಯವರೆಗೆ ಮಂಗಳೂರಿಗೆ ಹೋಗಿದ್ದು ಆಸ್ಪತ್ರೆಗೆ ಮಾತ್ರ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ದೊಡ್ಡಪ್ಪ, "ಹಾಗಾದರೆ ಒಂದು ಸ್ಟೂಲು ತಕ್ಕೊಂಬಾ" ಅಂದರು.

ಆರು ಜನ ದೊಡ್ಡವರು, ಐದು ಜನ ಮಕ್ಕಳು. ಸ್ಟೂಲಿನ ಮೇಲೆ ನಾನು. ಕಬಕ ದಾಟುವಷ್ಟರಲ್ಲಿ ತಂಗಿ ವಾಂತಿ ಮಾಡಿದಳು. ಅದಕ್ಕೂ ತಯಾರಿ ಇತ್ತು, ದೊಡ್ಡಮ್ಮನ ಸೆರಗಿನ ಗಂಟಿನಲ್ಲಿ ಲಿಂಬೆಹಣ್ಣು. ಮಾಣಿಯಲ್ಲಿ ಹೆದ್ದಾರಿ ಸೇರಿದೆವು. ಈಗ ಅದು 75 ಅನ್ನಿಸಿಕೊಳ್ಳುತ್ತದೆ, ಆಗ 48. ಕಲ್ಲಡ್ಕದಲ್ಲಿ ಕೆ.ಟಿ., ಅಂದರೆ ಕಲ್ಲಡ್ಕ ಟೀ, ಕುಡಿಯದೆ ಮುಂದೆ ಹೋಗುವ ಗಂಡಸರು ನಮ್ಮ ಕಡೆ ಇಲ್ಲ. ಕೆಳಗೆ ಬಿಳಿ ಹಾಲು, ಮೇಲೆ ಕಪ್ಪು ಡಿಕಾಕ್ಷನ್, ನಡುವೆ ಗೆರೆ ಎಳೆದ ಹಾಗೆ. ಅಪ್ಪ ಗ್ಲಾಸನ್ನು ಅಲ್ಲಾಡಿಸದೆ ಓಮ್ನಿಯ ತನಕ ತಂದು ಅಮ್ಮನಿಗೆ ತೋರಿಸಿದರು. ತೋರಿಸಿದರು ಅಷ್ಟೇ, ಕೊಟ್ಟದ್ದು ನೆನಪಿಲ್ಲ. ಪಾಣೆಮಂಗಳೂರಿನ ಸೇತುವೆಯ ಮೇಲೆ ನೇತ್ರಾವತಿ ಮೇ ತಿಂಗಳ ನೇತ್ರಾವತಿಯೇ, ಮರಳು ಜಾಸ್ತಿ ನೀರು ಕಡಿಮೆ. ತುಂಬೆ, ಫರಂಗಿಪೇಟೆ, ಅಡ್ಯಾರು. ಪಡೀಲು ಬಂದಾಗ ನಮಗೆ ಸಿಟಿ ಬಂತು ಅಂತ ಲೆಕ್ಕ.

ಐವತ್ತು ಕಿಲೋಮೀಟರು ಆಚೀಚೆ. ಈಗ ಬೆಂಗಳೂರಿನಲ್ಲಿ ಆಫೀಸಿಗೆ ಹೋಗಿಬಂದರೆ ಅಷ್ಟಾಗುತ್ತದೆ. ಆದರೆ ಆ ಎರಡು ತಾಸಿನಲ್ಲಿ ಒಂದು ವಿಷಯ ನಡೆಯಿತು. ಅಪ್ಪನಿಗೂ ದೊಡ್ಡಪ್ಪನಿಗೂ ತೋಟದ ಪಾಲಿನ ವಿಷಯದಲ್ಲಿ ಎರಡು ವರ್ಷದಿಂದ ಸರಿ ಇರಲಿಲ್ಲ. ಉಪನಯನದ ಚಪ್ಪರದಲ್ಲಿ ಇಬ್ಬರೂ ಅಕ್ಕಪಕ್ಕ ಓಡಾಡಿದ್ದರು, ನೆಂಟರಿಗೆ ನಗುನಗುತ್ತಾ ಬಡಿಸಿದ್ದರು, ಒಬ್ಬರಿಗೊಬ್ಬರು ಮಾತಾಡಿರಲಿಲ್ಲ. ಓಮ್ನಿಯಲ್ಲಿ ಮುಂದೆ ಕೂತವರು ಅವರಿಬ್ಬರೇ. ಮೇಲ್ಕಾರ್ ದಾಟಿದ ಮೇಲೆ ಅಪ್ಪ, "ಆ ಕೆರೆಯ ಬದಿಯದ್ದು ನಿನಗೇ ಇರಲಿ" ಅಂದದ್ದು ಸ್ಟೂಲಿನ ಮೇಲಿದ್ದ ನನಗೆ ಕೇಳಿಸಿತು. ದೊಡ್ಡಪ್ಪ ಗೇರು ಬದಲಿಸಿದರು. "ನೋಡುವ" ಅಂದರು. ಇಬ್ಬರೂ ರಸ್ತೆ ನೋಡುತ್ತಿದ್ದರು. ಚಾವಡಿಯಲ್ಲಿ ಎದುರುಬದುರು ಕೂತು ಈ ಮಾತು ಆಡಬೇಕಾಗಿದ್ದರೆ ಇನ್ನೂ ಹತ್ತು ವರ್ಷ ಬೇಕಾಗುತ್ತಿತ್ತು. ನನಗಂತೂ ನಂಬಿಕೆ, ನಮ್ಮ ಕುಟುಂಬದ ಮುಖ್ಯ ಮಾತುಗಳೆಲ್ಲಾ ವಿಂಡ್‌ಸ್ಕ್ರೀನ್‌ಗೆ ಹೇಳಿದವು.

ಉದ್ದ ಗ್ಲಾಸು, ಉದ್ದ ಚಮಚ

ನಾವು ಹೋದದ್ದು ಐಡಿಯಲ್‌ಗೆ. ಪ್ರಭಾಕರ ಕಾಮತರು 1975ರಲ್ಲಿ ಮಾರ್ಕೆಟ್ ರಸ್ತೆಯಲ್ಲಿ ಶುರು ಮಾಡಿದ ಅಂಗಡಿ. ಅಷ್ಟರಲ್ಲಾಗಲೇ ಮಂಗಳೂರಿಗೆ ಹೋಗಿ ಬಂದವರನ್ನು "ಐಡಿಯಲ್‌ಗೆ ಹೋದೆಯಾ?" ಅಂತ ಕೇಳುವುದು ಊರಲ್ಲಿ ಮಾಮೂಲಿಯಾಗಿತ್ತು. ಒಳಗೆ ತಣ್ಣಗೆ, ಹಾಲು ಸಕ್ಕರೆಯ ವಾಸನೆ. ಅಜ್ಜಿ ಕುರ್ಚಿಯ ತುದಿಯಲ್ಲಿ ಕೂತರು. ಕೂತವರೇ ಅಪ್ಪನ ಅಂಗಿ ಎಳೆದು ಮೆಲ್ಲಗೆ ಕೇಳಿದರು, ಇದಕ್ಕೆ ಮೊಟ್ಟೆ ಹಾಕುತ್ತಾರಾ ಅಂತ. ಅಪ್ಪ ಸಪ್ಲಾಯರನ್ನು ಕೇಳಿದರು. ಅವನು ಅಜ್ಜಿಯ ಕಡೆಗೇ ಬಗ್ಗಿ, "ಇಲ್ಲ ಅಮ್ಮ, ಹಾಲು ಮಾತ್ರ" ಅಂದ. ಅಜ್ಜಿ ಸ್ವಲ್ಪ ಹಿಂದೆ ಸರಿದು ಕೂತರು. ದೊಡ್ಡಪ್ಪ ಮೆನು ಕೂಡ ನೋಡದೆ, "ಹನ್ನೊಂದು ಗಡ್‌ಬಡ್" ಅಂದರು.

ಗಡ್‌ಬಡ್ ಅಂದರೆ ಏನು ಅಂತ ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಘಟ್ಟದ ಮೇಲಿನವರಿಗೂ ಈಗ ಗೊತ್ತು, ಆದರೆ ಬೆಂಗಳೂರಿನಲ್ಲಿ ಆ ಹೆಸರಿನಲ್ಲಿ ಅಗಲ ಬಟ್ಟಲಲ್ಲಿ ಕೊಡುವುದನ್ನು ನಾನು ಒಪ್ಪುವುದಿಲ್ಲ. ಅದು ಉದ್ದ ಗಾಜಿನ ಗ್ಲಾಸಿನಲ್ಲೇ ಬರಬೇಕು. ಕೆಳಗೆ ಜೆಲ್ಲಿ, ಹಣ್ಣಿನ ಹೋಳು, ಅದರ ಮೇಲೆ ಒಂದು ಬಣ್ಣದ ಐಸ್‌ಕ್ರೀಂ, ಮತ್ತೆ ಹಣ್ಣು, ಮತ್ತೊಂದು ಬಣ್ಣ, ಗೋಡಂಬಿ, ದ್ರಾಕ್ಷಿ, ಎಲ್ಲದರ ನೆತ್ತಿಗೆ ಒಂದು ಚೆರ್ರಿ. ಮಾಡಿದ್ದು ಯಾರು ಮೊದಲು ಅಂತ ಕೇಳಿದರೆ ಉಡುಪಿಯವರು ಡಯಾನಾ ಹೋಟೆಲಿನ ಕಡೆ ಕೈ ತೋರಿಸುತ್ತಾರೆ, ಮಂಗಳೂರಿನವರು ಐಡಿಯಲ್ ಕಡೆ. ಈ ಜಗಳಕ್ಕೆ ನಾನು ಬರುವುದಿಲ್ಲ. ಗಿರಾಕಿ ಗಡಿಬಿಡಿ ಮಾಡಿದ, ಇದ್ದದ್ದನ್ನೆಲ್ಲಾ ಒಂದೇ ಗ್ಲಾಸಿಗೆ ಹಾಕಿ ಕೊಟ್ಟರು, ಅದಕ್ಕೇ ಆ ಹೆಸರು ಅನ್ನುವ ಕಥೆಯನ್ನು ಎರಡೂ ಊರಿನವರು ಹೇಳುತ್ತಾರೆ. ಕಥೆ ನಿಜವೋ ಅಲ್ಲವೋ, ತಿನ್ನುವಾಗ ಮಾತ್ರ ನಿಜವಾಗಿಯೂ ಗಡಿಬಿಡಿ. ಮೇಲಿನಿಂದ ತಿನ್ನುತ್ತಾ ಹೋದರೆ ಕೆಳಗಿನದು ಕರಗಿ ಪಾಯಸವಾಗುತ್ತದೆ, ಕೆಳಗಿನಿಂದ ಎತ್ತಲಿಕ್ಕೆ ಹೋದರೆ ಮೇಲಿನದು ಮೇಜಿಗೆ ಬೀಳುತ್ತದೆ.

ಗ್ಲಾಸುಗಳು ಬಂದವು. ಅಮ್ಮ ತಮ್ಮದನ್ನು ಒಂದು ಗೇಣು ಆಚೆ ಸರಿಸಿ ಇಟ್ಟರು. ತಂಗಿಯ ಕುತ್ತಿಗೆಗೆ ಕರವಸ್ತ್ರ ಸಿಕ್ಕಿಸಿದರು, ನನ್ನ ಗ್ಲಾಸು ಬೀಳದ ಹಾಗೆ ಒಳಗೆ ದೂಡಿದರು, ಅಜ್ಜಿಗೆ ಚಮಚ ಹಿಡಿಯಲಿಕ್ಕೆ ಸರಿಯಾಯಿತಾ ನೋಡಿದರು. ಆಮೇಲೆ ಅಭ್ಯಾಸದ ಹಾಗೆ ಹೇಳಿದರು, "ನೀವು ತಿನ್ನಿ, ನಾನು ಆಮೇಲೆ."

ಈ ಮಾತು ನಾನು ಅದಕ್ಕಿಂತ ಮುಂಚೆ ಸಾವಿರ ಸಲ ಕೇಳಿದ್ದೆ. ಹಿಂದಿನ ದಿನವೇ ಕೇಳಿದ್ದೆ. ಜಂಬ್ರದ ಮನೆಯಲ್ಲಿ ಗಂಡಸರ ಪಂಕ್ತಿ ಮೊದಲು, ಮಕ್ಕಳು ಅವರ ಸಾಲಿನ ತುದಿಗೆ. ಸುಧರಿಕೆಗೆ, ಅಂದರೆ ಬಡಿಸಲಿಕ್ಕೆ, ನಿಂತವರು, ಒಳಗೆ ಒಲೆ ಬುಡದಲ್ಲಿದ್ದವರು ಎಲ್ಲ ಮುಗಿದು ಕಡೇ ಪಂಕ್ತಿಗೆ ಕೂರುವಾಗ ಮೂರೂವರೆ. ಅಷ್ಟು ಹೊತ್ತಿಗೆ ಪಾಯಸ ತಳ ಕಂಡಿರುತ್ತದೆ, ಹಪ್ಪಳ ಮೆತ್ತಗಾಗಿರುತ್ತದೆ. ಅದು ಅನ್ಯಾಯ ಅಂತ ನನಗೆ ಆಗ ಅನ್ನಿಸಿರಲಿಲ್ಲ. ನಾನು ಮೊದಲ ಪಂಕ್ತಿಯವನು, ನನಗೇಕೆ ಅನ್ನಿಸುತ್ತದೆ? ಹೋಳಿಗೆ ಆಮೇಲೆ ತಿಂದರೂ ಹೋಳಿಗೆಯೇ. ಮಾರನೇ ದಿನ ತುಪ್ಪ ಹಾಕಿ ಬಿಸಿ ಮಾಡಿದರೆ ಇನ್ನೂ ರುಚಿ. ಚಿರೋಟಿ, ಲಾಡು, ಕಾಯಿಕಡುಬು, ನಮ್ಮ ಎಲ್ಲ ತಿಂಡಿಗಳೂ ಕಾಯುತ್ತವೆ. ಕಾಯುವುದನ್ನು ಕಾದು ತಿನ್ನುವುದು ಯಾರು ಅಂತ ಮೊದಲೇ ಗೊತ್ತು ಮಾಡಿಟ್ಟ ಮನೆಗಳು ನಮ್ಮವು.

ಸಣ್ಣತ್ತೆ ತಮ್ಮ ಗ್ಲಾಸಿನಿಂದ ತಲೆ ಎತ್ತದೆ ಹೇಳಿದರು, "ಅತ್ತಿಗೇ, ಕರಗ್ತದೆ."

ಅಮ್ಮ ಗ್ಲಾಸು ನೋಡಿದರು. ಮೇಲಿನ ಗುಲಾಬಿ ಬಣ್ಣ ಆಗಲೇ ಅಂಚಿಗೆ ಇಳಿಯುತ್ತಿತ್ತು. ಹೊರಗಿನಿಂದ ಗಾಜು ಬೆವತಿತ್ತು. ಅವರು ಮೇಜಿನ ಸುತ್ತ ಒಮ್ಮೆ ನೋಡಿದರು, ಬಡಿಸುವುದಕ್ಕೆ ಏನೂ ಇರಲಿಲ್ಲ. ಎಲ್ಲರ ಕೈಯಲ್ಲೂ ಚಮಚ ಇತ್ತು. ಅಪ್ಪನ ಮೀಸೆಯಲ್ಲಿ ಪಿಸ್ತಾ ಇತ್ತು. ಆಗ ಅಮ್ಮ ಗ್ಲಾಸನ್ನು ಹತ್ತಿರಕ್ಕೆ ಎಳೆದುಕೊಂಡು, ಎಡಗೈಯಲ್ಲಿ ಅದರ ಕಾಲು ಹಿಡಿದು, ಉದ್ದ ಚಮಚವನ್ನು ಅಂಚಿನಿಂದ ನೇರ ಕೆಳಗೆ ಇಳಿಸಿದರು. ತಳ ಮುಟ್ಟಿದ ಮೇಲೆ ಸ್ವಲ್ಪ ಓರೆ ಮಾಡಿದರು. ಒಂದು ತುಂಡು ಕೆಂಪು ಜೆಲ್ಲಿ ನಡುಗುತ್ತಾ ಮೇಲೆ ಬಂತು, ಮೇಲಿನದು ಒಂದು ಚೂರೂ ಬೀಳದೆ. ಬಾವಿಯಿಂದ ಕೊಡ ಎತ್ತುವವರ ಕೈ ಅದು. ನಾವು ಮಕ್ಕಳೆಲ್ಲಾ ತಿನ್ನುವುದು ಬಿಟ್ಟು ನೋಡಿದೆವು. ಅಮ್ಮ ಕಣ್ಣು ಮುಚ್ಚಿ ತಿಂದರು. ಎರಡನೇ ಚಮಚ, ಮೂರನೇ ಚಮಚ. ಯಾರ ಜೊತೆಗೂ ಮಾತಿಲ್ಲ. ಮೇಜಿನಲ್ಲಿ ಮೊದಲು ಖಾಲಿಯಾದದ್ದು ಅವರ ಗ್ಲಾಸು.

ಇದನ್ನು ಎಷ್ಟೋ ವರ್ಷದ ಮೇಲೆ ಹೆಂಡತಿಗೆ ಹೇಳಿದೆ. ಅಮ್ಮ ನಮ್ಮ ಜೊತೆಗೇ ತಿಂದದ್ದನ್ನು ನಾನು ಮೊದಲು ನೋಡಿದ್ದು ಅಲ್ಲೇ ಅಂತ. ದೊಡ್ಡ ಸಂಗತಿ ಕಂಡುಹಿಡಿದವನ ಹಾಗೆ ಹೇಳಿದ್ದೆನೋ ಏನೋ. ಅವಳು ಪಾತ್ರೆ ಒರೆಸುತ್ತಾ, "ನಿಮಗೆ ಈಗ ಗೊತ್ತಾಯಿತಾ? ನಿಮ್ಮ ಮನೆಯ ಹೆಂಗಸರೆಲ್ಲಾ ಅಲ್ಲಿಗೆ ಹೋಗುವುದೇ ಅದಕ್ಕೆ" ಅಂದಳು. ಮದುವೆಯಾಗಿ ಬಂದ ಮೊದಲ ಜಂಬ್ರದಲ್ಲೇ ಅವಳಿಗೆ ತಿಳಿದಿತ್ತಂತೆ.

ಅಜ್ಜನ ಪಾಲು

ಆ ದಿನ ಮನೆಯಲ್ಲಿ ಉಳಿದವರಲ್ಲಿ ಅಜ್ಜ ಒಬ್ಬರು. ಅವರಿಗೆ ಬಲಗಡೆ ಸ್ವಾಧೀನ ತಪ್ಪಿ ಎರಡು ವರ್ಷವಾಗಿತ್ತು, ಕೋಣೆಯಿಂದ ಜಗಲಿಗೆ ಬರುವುದೇ ದೊಡ್ಡ ಪ್ರಯಾಣ. ಹೊರಡುವಾಗ ಅವರು, "ನನಗೂ ಒಂದು ತನ್ನಿ" ಅಂದಿದ್ದರು. ತಮಾಷೆಗೆ ಅಂದದ್ದಿರಬೇಕು. ಆದರೆ ಅಜ್ಜಿ ಅದನ್ನು ಹಿಡಿದುಬಿಟ್ಟರು. ತಮ್ಮ ಗ್ಲಾಸಿನಲ್ಲಿ ಅರ್ಧ ತಿಂದು ನಿಲ್ಲಿಸಿ, ಉಳಿದದ್ದನ್ನು ಡಬ್ಬಿಗೆ ಹಾಕಿ ಕೊಡಲಿಕ್ಕೆ ಆಗುತ್ತದಾ ಅಂತ ಕೇಳಿದರು. ಕಡೆಗೆ ದೊಡ್ಡಪ್ಪ ಒಂದು ಲೀಟರಿನ ವೆನಿಲ್ಲಾ ಪ್ಯಾಕ್ ತೆಗೆದುಕೊಂಡರು.

ಪುತ್ತೂರಿನವರೆಗೆ ತಲುಪಿಸುವ ಜವಾಬ್ದಾರಿ ಸಣ್ಣತ್ತೆಯದ್ದು, ಅವರದ್ದು ಬಿ.ಎಸ್ಸಿ. ತಾನೇ. ಅವರು ಅಪ್ಪನನ್ನು ಓಡಿಸಿ ಒಂದು ಸೇರು ಕಲ್ಲುಪ್ಪು ತರಿಸಿದರು, ಎಲ್ಲಿಂದಲೋ ಐಸಿನ ತುಂಡು ಸಂಪಾದಿಸಿದರು. ಐಸಿಗೆ ಉಪ್ಪು ಬೆರೆಸಿದರೆ ಅದು ಸೊನ್ನೆಗಿಂತ ಇನ್ನೂ ಕೆಳಗೆ, ಮೈನಸ್ ಇಪ್ಪತ್ತರ ಹತ್ತಿರ ಇಳಿಯುತ್ತದೆ ಅಂತ ನಮಗೆಲ್ಲಾ ಪಾಠ ಮಾಡಿದರು. ಪಾಠ ಸರಿಯೇ ಇತ್ತು. ಫ್ರಿಜ್ ಇಲ್ಲದ ಕಾಲದಲ್ಲಿ ಮರದ ಪೀಪಾಯಿಯಲ್ಲಿ ಐಸು ಉಪ್ಪು ತುಂಬಿ, ನಡುವೆ ಹಾಲಿನ ಡಬ್ಬಿ ಇಟ್ಟು, ಹಿಡಿ ತಿರುಗಿಸಿ ಐಸ್‌ಕ್ರೀಂ ಮಾಡುತ್ತಿದ್ದದ್ದು ಇದೇ ಉಪಾಯದಿಂದ. ಆದರೆ ನಮ್ಮ ಹತ್ತಿರ ಇದ್ದದ್ದು ಪೀಪಾಯಿಯಲ್ಲ, ಒಂದು ಪ್ಲಾಸ್ಟಿಕ್ ಬಕೆಟ್ಟು, ಹಳೇ ಉದಯವಾಣಿ, ಒಂದು ಗೋಣಿ. ಮೇಲಾಗಿ ಮೇ ತಿಂಗಳು. ಓಮ್ನಿಯ ಇಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ನಾವು ಬಕೆಟ್ ಇಟ್ಟದ್ದು ಸರಿಯಾಗಿ ಅದರ ಹಿಂದೆ.

ಪಾಣೆಮಂಗಳೂರಿನ ಸೇತುವೆಯ ತಲೆಯಲ್ಲಿ ಒಂದು ಲಾರಿ ಕೆಟ್ಟು ನಿಂತಿತ್ತು. ಮುಕ್ಕಾಲು ಗಂಟೆ ನಿಂತೆವು. ಅಜ್ಜಿ ಐದು ನಿಮಿಷಕ್ಕೊಮ್ಮೆ, "ಉಂಟಾ?" ಅಂತ ಕೇಳುತ್ತಿದ್ದರು. ಸಣ್ಣತ್ತೆ ಗೋಣಿಯ ಮೇಲೆ ಕೈಯಿಟ್ಟು, "ಉಂಟು" ಅನ್ನುತ್ತಿದ್ದರು. ಆಮೇಲಾಮೇಲೆ ಆ "ಉಂಟು" ಸಣ್ಣದಾಗುತ್ತಾ ಹೋಯಿತು. ಕಲ್ಲಡ್ಕದಲ್ಲಿ ಈ ಸಲ ಯಾರೂ ಕೆ.ಟಿ. ಕೇಳಲಿಲ್ಲ.

ಮನೆ ಮುಟ್ಟಿದಾಗ ಒಂಬತ್ತು. ಪ್ಯಾಕ್ ಬಿಚ್ಚಿದರೆ ಒಳಗೆ ಹಾಲು. ಒಂದು ಲೀಟರ್ ಅಂತ ತಂದದ್ದು ಅರ್ಧ ಚೊಂಬು ಆಗಿತ್ತು. ಅಂಗಡಿಯವನು ಮೋಸ ಮಾಡಿದ ಅಂತ ಅಜ್ಜಿ ಬಹಳ ದಿನ ನಂಬಿದ್ದರು. ಮೋಸ ಏನಿಲ್ಲ, ಐಸ್‌ಕ್ರೀಮಿನಲ್ಲಿ ಹೆಚ್ಚುಕಡಿಮೆ ಅರ್ಧ ಗಾಳಿಯೇ. ಈಗಿನ ನಿಯಮವೂ ಲೀಟರಿಗೆ 525 ಗ್ರಾಂ ತೂಗಿದರೆ ಸಾಕು ಅನ್ನುತ್ತದೆ. ಕಡೆಯುವಾಗ ಸೇರಿದ ಆ ಗಾಳಿ ಇಲ್ಲದಿದ್ದರೆ ಅದು ಚಮಚಕ್ಕೆ ಬಾರದ ಸಿಹಿ ಕಲ್ಲು. ದಾರಿಯಲ್ಲಿ ನಾವು ಕಳೆದುಕೊಂಡದ್ದು ಗಾಳಿಯನ್ನು.

ಅಜ್ಜನನ್ನು ದಿಂಬಿಗೆ ಒರಗಿಸಿ ಕೂರಿಸಿದರು. ಅಜ್ಜಿ ಚೊಂಬು ಹಿಡಿದು ಕುಡಿಸಿದರು. ಅಜ್ಜ ಒಂದು ಗುಟುಕು ಕುಡಿದು ಸ್ವಲ್ಪ ಹೊತ್ತು ಬಾಯಲ್ಲಿ ಇಟ್ಟುಕೊಂಡರು. "ಸಕ್ಕರೆ ಜಾಸ್ತಿ ಆಯ್ತು" ಅಂದರು. ಅದೂ ಸರಿಯೇ. ತಣ್ಣಗಿರುವಾಗ ನಾಲಿಗೆಗೆ ಸಿಹಿ ಅಷ್ಟಾಗಿ ಗೊತ್ತಾಗುವುದಿಲ್ಲ, ಅದಕ್ಕೇ ಐಸ್‌ಕ್ರೀಮಿಗೆ ಸಕ್ಕರೆ ಧಾರಾಳವಾಗಿ ಹಾಕಿರುತ್ತಾರೆ. ಬಿಸಿಯಾದ ಮೇಲೆ ಗುಟ್ಟು ಹೊರಬೀಳುತ್ತದೆ. ಆಮೇಲೆ ಅಜ್ಜ, "ಅಲ್ಲಿ ಹೇಗಿತ್ತು?" ಅಂತ ಕೇಳಿದರು. ಅಜ್ಜಿ ಹಾಸಿಗೆಯ ಬದಿಯಲ್ಲಿ ಕೂತು ಹೇಳಲಿಕ್ಕೆ ಶುರು ಮಾಡಿದರು. ಬಾಗಿಲು ತೆರೆದಾಗ ತಣ್ಣಗೆ ಗಾಳಿ ಬಂದದ್ದು, ಮೊಟ್ಟೆ ಇಲ್ಲ ಅಂತ ಸಪ್ಲಾಯರ್ ಬಗ್ಗಿ ಹೇಳಿದ್ದು, ಗ್ಲಾಸು ಎಷ್ಟು ಉದ್ದ ಇತ್ತು ಅಂತ ಮೊಣಕೈಯಿಂದ ಬೆರಳ ತುದಿವರೆಗೆ ತೋರಿಸಿದ್ದು. ಅಷ್ಟು ಉದ್ದ ಇರಲಿಲ್ಲ. ನಾವು ಯಾರೂ ತಿದ್ದಲಿಲ್ಲ.

ಫ್ರೀಜರ್ ಬಂದ ಮೇಲೆ

ಈಗ ಇದೆಲ್ಲಾ ಬೇಕಾಗಿಲ್ಲ. ನಮ್ಮ ಊರಿನ ಜೀನಸಿನ ಅಂಗಡಿಯಲ್ಲೂ ಗಾಜಿನ ಬಾಗಿಲಿನ ಫ್ರೀಜರ್ ಇದೆ. ಹುಡುಕಿದರೆ ಬೆಲ್ಲದ ಕ್ಯಾಂಡಿಯೂ ಸಿಗುತ್ತದೆ. ಬೆಂಗಳೂರಿನ ನಮ್ಮ ಮನೆಗೆ ಫೋನಿನಲ್ಲಿ ಒತ್ತಿದ ಹದಿನೈದು ನಿಮಿಷಕ್ಕೆ ಐಸ್‌ಕ್ರೀಂ ಬರುತ್ತದೆ, ತಂದವನ ಮುಖ ನೋಡುವುದಕ್ಕಿಂತ ಮುಂಚೆ ಅವನು ಲಿಫ್ಟಿನಲ್ಲಿ ಇಳಿದಿರುತ್ತಾನೆ. ಮಗಳು ಡಬ್ಬಿಯಿಂದಲೇ ಎರಡು ಚಮಚ ತಿಂದು ಮುಚ್ಚಿಡುತ್ತಾಳೆ. ಅರ್ಧ ಗಂಟೆಗೆ ಮತ್ತೆ ಎರಡು ಚಮಚ. ನಾನು ರಾತ್ರಿ ಹನ್ನೊಂದಕ್ಕೆ ಕಳ್ಳನ ಹಾಗೆ. ಹೆಂಡತಿ ಯಾವಾಗ ತಿನ್ನುತ್ತಾಳೆ ಗೊತ್ತಿಲ್ಲ. ಡಬ್ಬಿ ಖಾಲಿಯಾಗಿರುತ್ತದೆ, ನಾಲ್ಕು ಜನ ಒಟ್ಟಿಗೆ ತಿಂದದ್ದು ಒಮ್ಮೆಯೂ ಇಲ್ಲ. ಫ್ರೀಜರ್ ಐಸ್‌ಕ್ರೀಮನ್ನೂ ಕಾಯುವ ತಿಂಡಿ ಮಾಡಿಬಿಟ್ಟಿತು.

ಬೇರೆ ಊರಿಗೆ ಹೋದ ನಮ್ಮವರು ಈ ವಿಷಯದಲ್ಲಿ ಇನ್ನೂ ಹಠ ಬಿಟ್ಟಿಲ್ಲ. ಬೆಂಗಳೂರಿನ ಭಾವನ ಮನೆಯಲ್ಲಿ ನೆಂಟರು ಬಂದರೆ ರಾತ್ರಿ ಊಟ ಮುಗಿಸಿ ಕಾರ್ನರ್ ಹೌಸಿಗೆ ಹೋಗಲೇಬೇಕು, ಒಂದು ಡೆತ್ ಬೈ ಚಾಕೊಲೇಟಿಗೆ ನಾಲ್ಕು ಚಮಚ. ಮುಂಬೈಯಲ್ಲಿರುವ ಚಿಕ್ಕಮ್ಮನ ಮನೆಯವರದ್ದು ಜುಹು. ಅಲ್ಲಿ 1984ರಲ್ಲಿ ನ್ಯಾಚುರಲ್ಸ್ ಶುರು ಮಾಡಿದ ರಘುನಂದನ ಕಾಮತರು ನಮ್ಮ ಮೂಲ್ಕಿ ಕಡೆಯವರು, ಹಣ್ಣು ಮಾರುವವರ ಮಗ. 2024ರಲ್ಲಿ ತೀರಿಕೊಂಡಾಗ ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಹತ್ತಿರದವರು ಹೋದಷ್ಟು ಮಾತಾಯಿತು. ಅಜ್ಜಿ ಬದುಕಿದ್ದಾಗ ಒಮ್ಮೆ ಮುಂಬೈಗೆ ಹೋಗಿದ್ದರು, ಅವರ ಮೊದಲ ಮತ್ತು ಕೊನೆಯ ಮುಂಬೈ. ಚಿಕ್ಕಮ್ಮ ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಹಲಸಿನ ಹಣ್ಣಿನ ಐಸ್‌ಕ್ರೀಂ ಕೊಡಿಸಿದರಂತೆ. ಅರವತ್ತು ವರ್ಷ ಪ್ರತಿ ಮೇ ತಿಂಗಳು ಕೈಗೆ ಎಣ್ಣೆ ಹಚ್ಚಿ ಹಲಸು ಕೊಯ್ದವರು, ಮೇಣ ತೆಗೆಯುತ್ತಾ ಉಗುರು ಕಪ್ಪು ಮಾಡಿಕೊಂಡವರು. ತಿಂದು ಮುಗಿಸಿ ಬಿಲ್ಲು ನೋಡಿದವರು ಬಹಳ ಹೊತ್ತು ನಕ್ಕರಂತೆ. "ಹಲಸಿನ ಹಣ್ಣಿಗೆ ದುಡ್ಡು ಕೊಡುದಾ?" ಊರಿಗೆ ಬಂದ ಮೇಲೂ ಗುಜ್ಜೆ ಕೊಚ್ಚುವಾಗೆಲ್ಲಾ ಅದನ್ನೇ ಹೇಳಿ ನಗುತ್ತಿದ್ದರು.

ಹಳೆಯದೇ ಚೆಂದ ಅಂತ ಹೇಳಲಿಕ್ಕೆ ನಾನು ಹೊರಟಿಲ್ಲ. ಅಡುಗೆ ಕಂಟ್ರಾಕ್ಟಿಗೆ ಕೊಟ್ಟದ್ದರಿಂದಲೇ ಈ ಸಲ ಒಕ್ಕಲಿನಲ್ಲಿ ಅಮ್ಮ, ದೊಡ್ಡಮ್ಮ ಎಲ್ಲ ಒಂದು ಗಂಟೆಗೇ ಊಟಕ್ಕೆ ಕೂತರು, ಅದೂ ಗಂಡಸರ ಎದುರು ಸಾಲಿನಲ್ಲಿ. ಯಾರೋ ಬಡಿಸಿದರು, ಅವರು ಉಂಡರು. ಹಾಗೆ ನೋಡಿದರೆ ಐಸ್‌ಕ್ರೀಂ ಅಂಗಡಿ ಮಾಡುತ್ತಿದ್ದ ಕೆಲಸವನ್ನು ಕಂಟ್ರಾಕ್ಟಿನವರು ಮಾಡಿ ಮುಗಿಸಿದ್ದರು. ಮತ್ತೆ ನನಗೇಕೆ ತಕರಾರು? ಬಹುಶಃ ಹೋಗುವುದಕ್ಕೆ ಒಂದು ನೆಪ ಬೇಕಿತ್ತು, ಅಷ್ಟೇ. ಒಂದೇ ಗಾಡಿಯಲ್ಲಿ ಒಬ್ಬರ ಮೊಣಕಾಲು ಇನ್ನೊಬ್ಬರಿಗೆ ತಾಗುತ್ತಾ ಐವತ್ತು ಕಿಲೋಮೀಟರು ಕೂರುವುದಕ್ಕೆ ಬೇರೆ ಯಾವ ನೆಪವೂ ನಮ್ಮ ಹತ್ತಿರ ಇರಲಿಲ್ಲ. ಈಗ ಏಳು ಕಾರು, ಒಂದೊಂದರಲ್ಲಿ ಇಬ್ಬರು.

ಬಿ.ಸಿ. ರೋಡಿನವರೆಗೆ

ಅದೇ ದಿನ ಸಂಜೆ ಐದು ಗಂಟೆ. ಜಗಲಿಯಲ್ಲಿ ಅಮ್ಮ, ಅಪ್ಪ, ಸಣ್ಣತ್ತೆ, ಹೊಸ ಮನೆಯ ಯಜಮಾನ ಮತ್ತು ನಾನು. ಅಮ್ಮನಿಗೆ ಎಪ್ಪತ್ತೊಂದು, ಸಕ್ಕರೆ ಗಡಿಯಲ್ಲಿ ನಿಂತಿದೆ. ಸಣ್ಣತ್ತೆ ರಿಟೈರ್ ಆಗಿದ್ದಾರೆ, ಬಾಯಿ ಆಗಿಲ್ಲ. ದೊಡ್ಡಪ್ಪ ಹೋಗಿ ಆರು ವರ್ಷ. ಮಾತು ಅಲ್ಲಿಲ್ಲಿ ಸುತ್ತಿ ನಿಂತಾಗ ನಾನೇ ಕೇಳಿದೆ, "ಹೋಪೊ?" ಎಲ್ಲಿಗೆ ಅಂತ ಯಾರೂ ಕೇಳಲಿಲ್ಲ. "ಈಗ ಮಧ್ಯಾಹ್ನ ತಿಂದದ್ದಲ್ಲವಾ ಮಾರಾಯ" ಅಂತ ಅಪ್ಪ ಗೊಣಗಿದರು, ಗೊಣಗುತ್ತಲೇ ಅಂಗಿ ಹಾಕಿಕೊಂಡರು.

ಮಂಗಳೂರು ಮುಟ್ಟಿದರೆ ನನ್ನ ಬಸ್ಸು ತಪ್ಪುತ್ತಿತ್ತು. ಬಿ.ಸಿ. ರೋಡಿನವರೆಗೆ ಹೋದೆವು. ಕಲ್ಲಡ್ಕದಲ್ಲಿ ನಿಲ್ಲಿಸಿ ಅಂತ ಅಪ್ಪ ಅಂದರು. ಅಪ್ಪನ ಕೈ ಈಗ ಸ್ವಲ್ಪ ನಡುಗುತ್ತದೆ, ಗ್ಲಾಸು ನಾನು ತಂದೆ. ಅಮ್ಮ ಕಿಟಕಿಯಿಂದ ಕೈ ಚಾಚಿ ಇಸಕೊಂಡು, ಗೆರೆಯನ್ನು ಒಂದು ಗಳಿಗೆ ನೋಡಿ, ಕುಡಿದೇಬಿಟ್ಟರು. ಅಪ್ಪನಿಗೆ ಇನ್ನೊಂದು ತರಬೇಕಾಯಿತು. ಪಾಣೆಮಂಗಳೂರಿನ ಸೇತುವೆಯ ಮೇಲೆ ಸಣ್ಣತ್ತೆ ಬಕೆಟ್ಟಿನ ಕಥೆ ತೆಗೆದರು. ಬಕೆಟ್ ಅಲ್ಲಿ ಇಟ್ಟದ್ದು ಯಾರು ಅನ್ನುವುದರ ಬಗ್ಗೆ ಮೂವತ್ತು ವರ್ಷದ ಜಗಳ ಬಗೆಹರಿಯಲಿಲ್ಲ.

ರಸ್ತೆ ಬದಿಯ ಒಂದು ಸಣ್ಣ ಅಂಗಡಿ. ಐದು ಗಡ್‌ಬಡ್ ಹೇಳಿದೆವು. ಅಮ್ಮನಿಗೆ ಬೇಡ, ನಾಲ್ಕೇ ಸಾಕು ಅಂತ ಅಪ್ಪ ತಿದ್ದಲಿಕ್ಕೆ ಹೋದರು. ಸಣ್ಣತ್ತೆ ಅಪ್ಪನ ಕಡೆ ನೋಡಿದ್ದನ್ನು ನೋಡಿ ಹುಡುಗ ಐದೇ ಬರೆದುಕೊಂಡ. ಅಂಗಡಿಯಲ್ಲಿ ಇದ್ದದ್ದು ಅವನೊಬ್ಬನೇ. ಮೊದಲ ಗ್ಲಾಸು ತಂದು ಅಮ್ಮನ ಮುಂದೆ ಇಟ್ಟು ಉಳಿದದ್ದಕ್ಕೆ ಒಳಗೆ ಹೋದ, ಹೋದವನು ಬರಲೇ ಇಲ್ಲ. ಮೇಜಿನಲ್ಲಿ ಅದೊಂದೇ ಗ್ಲಾಸು. ನಾವು ನಾಲ್ಕು ಜನ ಕೈ ಖಾಲಿ. ನಾನು ಅಮ್ಮನನ್ನೇ ನೋಡುತ್ತಿದ್ದೆ, ಈಗ ಆ ಮಾತು ಬರುತ್ತದೆ ಅಂತ.

ಅಮ್ಮ ಆಗಲೇ ಎಡಗೈಯಲ್ಲಿ ಗ್ಲಾಸಿನ ಕಾಲು ಹಿಡಿದು ಚಮಚವನ್ನು ಅಂಚಿನಿಂದ ಇಳಿಸಿದ್ದರು. ತಳದಲ್ಲಿ ಸ್ವಲ್ಪ ಹುಡುಕಿದರು, ಓರೆ ಮಾಡಿದರು, ಎತ್ತಿ ನೋಡಿದರು.

"ಜೆಲ್ಲಿ ಭಾರಿ ಕಡಿಮೆ" ಅಂದರು. ಅಂದು ತಿಂದರು.